ಬೂದಿ, ಚಿಪ್ಪು, ಕೆರೆಗೋಡಿನ ಗ್ಲೇಜು ಕೈಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗ್ಲೇಜು, ಅಂದರೆ ಮಡಕೆಯ ಮೇಲೆ ಕರಗಿ ಕೂರುವ ಗಾಜಿನ ಹೊದಿಕೆ, ಮಾಡುವವರಿಗೆ ಬೇಕಾದ ಸಾಮಾನು ಬಹುಪಾಲು ಊರಲ್ಲೇ ಸಿಗುತ್ತದೆ. ಕ್ರಷರಿನ ಗ್ರಾನೈಟ್ ಪುಡಿ, ಹೊಲದ ಬದುವಿನಲ್ಲಿ ಬಿದ್ದಿರುವ ಬೆಣಚುಕಲ್ಲು, ಕೆರೆಗೋಡು (ಕೆರೆಯ ತಳದ ಹೂಳುಮಣ್ಣು), ಒಲೆಯ ಬೂದಿ. ಸುಣ್ಣಕ್ಕೆ ಮಾತ್ರ ಕಡಲ ಚಿಪ್ಪು ಬೇಕು. ಅದಕ್ಕೂ ದೂರ ಹೋಗಬೇಕಿಲ್ಲ, ಮೊಟ್ಟೆ ಕೋಳಿಗೆ ಹಾಕುವ ಚಿಪ್ಪಿನ ನುಚ್ಚು ಕೋಳಿ ಆಹಾರದ ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಸ್ವಲ್ಪವೇ ಸಾಕು ಎಂದರೆ ಗ್ರಂಧಿಗೆ ಅಂಗಡಿಯ ಸಮುದ್ರನೊರೆ ಇದೆ. ಅದೂ ಹೆಚ್ಚುಕಡಿಮೆ ಚಿಪ್ಪಿನದೇ ವಸ್ತು. ಹವಳದ ತುಂಡು ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ. ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ, ಚಿಪ್ಪಿಗಿಂತ ಹೆಚ್ಚಿನ ಗುಣವೇನೂ ಅದರಲ್ಲಿ ಇಲ್ಲ.

ಅಂಗಡಿಯ ಫೆಲ್ಡ್‌ಸ್ಪಾರ್ (ಗ್ಲೇಜಿಗೆ ಹಾಕುವ ಖನಿಜದ ಪುಡಿ) ಚೀಲಕ್ಕೂ ಈ ಸಾಮಾನಿಗೂ ದೊಡ್ಡ ವ್ಯತ್ಯಾಸ ಒಂದಿದೆ. ಈ ತಿಂಗಳ ಬೂದಿ ಹೋದ ತಿಂಗಳಿನದರಂತೆ ಇರುವುದಿಲ್ಲ. ಆದ್ದರಿಂದ ಗ್ಲೇಜು ಕೆಟ್ಟಾಗ ಗೂಡನ್ನು ದೂರುವ ಮೊದಲು, ಪಾಕದ ಅಳತೆ ತಿದ್ದುವ ಮೊದಲು, ಸಾಮಗ್ರಿ ತೊಳೆದದ್ದು, ಸುಟ್ಟದ್ದು, ಜರಡಿ ಹಿಡಿದದ್ದು ಹೇಗೆ ಎಂದು ನೋಡಬೇಕು. ಹತ್ತರಲ್ಲಿ ಏಳೆಂಟು ದೋಷಗಳ ಬೇರು ಅಲ್ಲೇ ಇರುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೋಲಿಸಿ ನೋಡಲು ಒಂದು ಪಾಕ

ಮುಂದೆ ಹೇಳುವುದೆಲ್ಲ ಈ ಪಾಕವನ್ನು ಮನಸ್ಸಿನಲ್ಲಿಟ್ಟುಕೊಂಡು: ಗ್ರಾನೈಟ್ ಪುಡಿ 50, ತೊಳೆದ ಸೌದೆ ಬೂದಿ 20, ಕೆರೆಗೋಡು 20, ಚಿಪ್ಪಿನ ಪುಡಿ 10. ಎಲ್ಲವೂ ಒಣಗಿದ ಮೇಲಿನ ತೂಕ, ಎಲ್ಲವೂ 80 ನಂಬರಿನ (ಅಂಗುಲಕ್ಕೆ 80 ಕಣ್ಣಿನ) ಜರಡಿಯಲ್ಲಿ ಇಳಿದದ್ದು. ಸುಡುವುದು 1240ರಿಂದ 1260 ಡಿಗ್ರಿ ಸೆಲ್ಸಿಯಸ್. ಕರೆಂಟು ಗೂಡಿನಲ್ಲಿ ಜೇನುಬಣ್ಣದಿಂದ ಕಂದು, ಗ್ಯಾಸು ಅಥವಾ ಸೌದೆ ಗೂಡಿನಲ್ಲಿ ಗಾಳಿ ಕಡಿಮೆ ಮಾಡಿ ಹೊಗೆ ಕಟ್ಟಿ ಸುಟ್ಟರೆ ಆಲಿವ್ ಹಸಿರು. ಇದಕ್ಕಿಂತ ತಿಳಿಯಾದ ಹಸಿರು ಬೇಕೆಂದರೆ ಗೋಡಿನ ಬದಲು ಬಿಳಿ ಜೇಡಿ ಹಾಕಬೇಕು, ಏಕೆಂದರೆ ಬಣ್ಣ ಕೊಡುವ ಕಬ್ಬಿಣದ ಒಂದು ದೊಡ್ಡ ಪಾಲು ಗೋಡಿನದೇ.

ಈ ಶಾಖಕ್ಕೆ ಊರಿನ ಕೆರೆ ಜೇಡಿಯ ಮಡಕೆ ನಿಲ್ಲುವುದಿಲ್ಲ. ಸಾಮಾನ್ಯವಾಗಿ 1100–1150 ಡಿಗ್ರಿಯಲ್ಲೇ ಅದು ಉಬ್ಬುತ್ತದೆ, ಕುಸಿಯುತ್ತದೆ. 1240ರಲ್ಲಿ ತಾನೇ ಕರಗಿ ಕಂದು ಗಾಜಾಗುತ್ತದೆ. ಗೋಡು ಗ್ಲೇಜಿಗೆ ಒಳ್ಳೆಯ ಸಾಮಗ್ರಿ ಆಗುವುದೂ ಇದೇ ಕಾರಣಕ್ಕೆ. ಪಾತ್ರೆಗೆ ಮಾತ್ರ ಸ್ಟೋನ್‌ವೇರ್ ಮಣ್ಣು, ಅಂದರೆ ಈ ಶಾಖ ತಡೆದು ಗಟ್ಟಿಯಾಗುವ ಮಣ್ಣು, ಬೇಕು. ನಿಮ್ಮ ಮಣ್ಣು ಎಷ್ಟು ತಡೆಯುತ್ತದೋ ಗೊತ್ತಿಲ್ಲದಿದ್ದರೆ ಕಿರುಬೆರಳುದ್ದದ ಒಂದು ಪಟ್ಟಿ ಮಾಡಿ, ಎರಡು ತುದಿಗೆ ಆಸರೆ ಕೊಟ್ಟು, ಕೆಳಗೆ ಮಣ್ಣಿನ ತಟ್ಟೆಯಿಟ್ಟು ಸುಡಿ. ನಡು ಬಾಗಿದರೆ ಆ ಶಾಖಕ್ಕೆ ಆ ಮಣ್ಣು ಆಗದು.

ಮೊದಲು ನೋಡಬೇಕಾದದ್ದು: ದೋಷ ಎಲ್ಲೆಲ್ಲಿ ಹಬ್ಬಿದೆ

ಗೂಡು ಬಿಚ್ಚಿದ ಕೂಡಲೇ ಪಾತ್ರೆಗಳನ್ನು ಗುಡ್ಡೆ ಹಾಕಬೇಡಿ. ಯಾವ ಹಲಗೆಯ ಮೇಲೆ ಯಾವುದು ಇತ್ತು ಎಂಬುದು ಅರ್ಧ ಉತ್ತರ. ಒಂದೇ ಹಲಗೆಯ ಪಾತ್ರೆಗಳೆಲ್ಲ ಕೆಟ್ಟು, ಅದೇ ಬಕೆಟ್ಟಿನ ಗ್ಲೇಜು ಬೇರೆ ಹಲಗೆಯಲ್ಲಿ ಚೆನ್ನಾಗಿ ಬಂದಿದ್ದರೆ ತಪ್ಪು ಗೂಡಿನ ಶಾಖದ್ದು. ಒಂದು ಬಕೆಟ್ಟಿನಲ್ಲಿ ಅದ್ದಿದವೆಲ್ಲ ಎಲ್ಲ ಹಲಗೆಯಲ್ಲೂ ಕೆಟ್ಟಿದ್ದರೆ ತಪ್ಪು ಬಕೆಟ್ಟಿನದು. ಒಂದೇ ಪಾತ್ರೆಯ ಒಂದೇ ಜಾಗದಲ್ಲಿ ಇದ್ದರೆ ಎಣ್ಣೆಗೈ, ಧೂಳು, ಇಲ್ಲವೇ ಮೊದಲ ಸುಡಿಕೆಯ (ಗ್ಲೇಜು ಹಚ್ಚುವ ಮುಂಚಿನ ಸುಡಿಕೆ) ಕಲೆ. ಆಮೇಲೆ ಗ್ಲೇಜು ದಪ್ಪಗೆ ಕೂತ ಕಡೆಗೂ ತೆಳ್ಳಗಿರುವ ಕಡೆಗೂ ಹೋಲಿಸಿ ನೋಡಿ. ದಪ್ಪ ಕಡೆ ಮಾತ್ರ ದೋಷವಿದ್ದರೆ ಅದ್ದುವುದನ್ನು ಸರಿಪಡಿಸಿದರೆ ಸಾಕು, ಪಾಕ ಮುಟ್ಟುವುದೇ ಬೇಡ.

ಗೂಡಿನ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಕೆ ಮಾದರಿಯ ಥರ್ಮೋಕಪಲ್ (ಮೀಟರಿಗೆ ಶಾಖ ತಿಳಿಸುವ ತಂತಿ) 1200ರ ಮೇಲೆ ಮತ್ತೆಮತ್ತೆ ಹೋದರೆ ತಪ್ಪು ತೋರಿಸತೊಡಗುತ್ತದೆ. ಪ್ರತಿ ಹಲಗೆಯಲ್ಲೂ ಒಂದು ಕೋನ್ (ಗೊತ್ತಾದ ಶಾಖಕ್ಕೆ ಬಾಗುವ ಸಣ್ಣ ಮಣ್ಣಿನ ಗೂಟ) ಇಡಿ. ಮೀಟರು ಶಾಖ ಎಷ್ಟೆಂದು ಮಾತ್ರ ಹೇಳುತ್ತದೆ. ಆ ಶಾಖ ಎಷ್ಟು ಹೊತ್ತು ಕೆಲಸ ಮಾಡಿದೆ ಎಂಬುದನ್ನೂ ಸೇರಿಸಿ ಹೇಳುವುದು ಕೋನ್.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಲೋಟದಲ್ಲಿ ತಲಾ 100 ಗ್ರಾಂ ಪಾಕ ತೂಗಿಕೊಂಡು, ಒಂದನ್ನು ಹಾಗೇ ಬಿಟ್ಟು, ಉಳಿದ ಮೂರಕ್ಕೆ ಅನುಮಾನದ ಸಾಮಗ್ರಿಯನ್ನು 5, 10, 15 ಗ್ರಾಂ ಸೇರಿಸಿ. ಪರೀಕ್ಷೆಯ ಬಿಲ್ಲೆ ನಿಂತಿರಬೇಕು, ಮಲಗಿಸಿ ಸುಟ್ಟ ಬಿಲ್ಲೆಯಲ್ಲಿ ಗ್ಲೇಜು ಇಳಿಯುವುದು ಗೊತ್ತೇ ಆಗುವುದಿಲ್ಲ. ಹಿಂದೆ ಕಾವಿ ಕಲಸಿದ ನೀರಿನಲ್ಲಿ ನಂಬರು ಬರೆಯಿರಿ. ಪೆನ್ಸಿಲ್ ಗುರುತು ಬೆಂಕಿಗೆ ಉಳಿಯದು, ಕಾವಿ ಉಳಿಯುತ್ತದೆ.

ಕರಗಿಲ್ಲ, ಒರಟಾಗಿದೆ, ಮುಟ್ಟಿದರೆ ಪುಡಿ ಬರುತ್ತದೆ

ಇಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದೇ ತರಹ ಕಾಣುತ್ತವೆ. ಅವನ್ನು ಬೇರ್ಪಡಿಸದೆ ಔಷಧ ಹಾಕಿದರೆ ಇನ್ನಷ್ಟು ಕೆಡುತ್ತದೆ.

ಮೊದಲನೆಯದು ಶಾಖ ಸಾಲದಿರುವುದು. ಉಗುರಿನಿಂದ ಕೆರೆದರೆ ಮರಳು ಮರಳಾಗಿ ಉದುರುತ್ತದೆ, ಲೆನ್ಸಿನಲ್ಲಿ ಕಾಳು ಕಾಳು ಬೇರೆಯಾಗಿ ಕಾಣುತ್ತದೆ. ಅದೇ ಬಿಲ್ಲೆಯನ್ನು ಮುಂದಿನ ಗೂಡಿನಲ್ಲಿ 20 ಡಿಗ್ರಿ ಹೆಚ್ಚಿಗೆ ಸುಟ್ಟಾಗ ಹೊಳಪು ಬಂದರೆ ರೋಗ ಗೊತ್ತಾಯಿತು.

ಎರಡನೆಯದು ಸುಣ್ಣ ಹೆಚ್ಚಾದದ್ದು. ಮೇಲ್ಮೈ ಮಂಕಾಗಿರುತ್ತದೆ, ಆದರೆ ಉದುರುವುದಿಲ್ಲ, ಕೈಗೆ ನುಣುಪು ಅಥವಾ ಸ್ವಲ್ಪ ಒಣ ಒಣ ಅನ್ನಿಸುತ್ತದೆ. ಕರಗಿದ ಗ್ಲೇಜು ತಣ್ಣಗಾಗುವಾಗ ಹೆಚ್ಚುವರಿ ಸುಣ್ಣ ಹರಳುಗಟ್ಟಿ ಬೆಳಕನ್ನು ಚೆದುರಿಸುತ್ತಿದೆ ಎಂದರ್ಥ. ಚಿಪ್ಪು ಮತ್ತು ಮಾವಿನ ಸೌದೆ ಬೂದಿ ಎರಡೂ ಸೇರಿದ ಪಾಕದಲ್ಲಿ ಇದು ಮಾಮೂಲು. ಶ್ರೀನಿವಾಸಪುರದ ಮಾವಿನ ತೋಪುಗಳ ಸೌದೆಯಾಗಲಿ, ಶಿಡ್ಲಘಟ್ಟದ ಕಡೆಯ ಹಿಪ್ಪುನೇರಳೆ ಕಡ್ಡಿಯಾಗಲಿ, ಇಂಥ ಸೌದೆಗಳ ಬೂದಿಯಲ್ಲಿ ಸುಣ್ಣದ ಪಾಲೇ ದೊಡ್ಡದು. ಹೊಳಪು ಬರಲಿ ಎಂದು ಇನ್ನಷ್ಟು ಬೂದಿ ಸುರಿಯುವುದು ಎಲ್ಲರೂ ಮಾಡುವ ಕೆಲಸ. ಆಗ ಇನ್ನೂ ಮಂಕಾಗುತ್ತದೆ. ಹಾಕಬೇಕಾದದ್ದು ಬೆಣಚುಕಲ್ಲಿನ ಪುಡಿ.

ತಾನೊಂದೇ ಇದ್ದರೆ 1700 ಡಿಗ್ರಿ ದಾಟಿದರೂ ಕರಗದ ಬೆಣಚು ಹಾಕಿದರೆ ಗ್ಲೇಜು ಸುಲಭವಾಗಿ ಕರಗುವುದು ಹೇಗೆ? ಸುಣ್ಣ, ಜೇಡಿಯಲ್ಲಿರುವ ಅಲ್ಯುಮಿನಾ, ಬೆಣಚಿನ ಸಿಲಿಕಾ ಮೂರೂ ಬಿಡಿಬಿಡಿಯಾಗಿ ಗೂಡಿನ ಶಾಖಕ್ಕೆ ಜಗ್ಗುವುದಿಲ್ಲ. ಮೂರೂ ಹದವಾಗಿ ಕೂಡಿದಾಗ, ಅಂದರೆ ಸುಮಾರು 23 ಭಾಗ ಸುಣ್ಣ, 15 ಭಾಗ ಅಲ್ಯುಮಿನಾ, 62 ಭಾಗ ಸಿಲಿಕಾ ಇದ್ದಾಗ, 1170 ಡಿಗ್ರಿಯಲ್ಲಿ ಕರಗುತ್ತವೆ. ಆ ಹದದಿಂದ ಯಾವ ಕಡೆಗೆ ಸರಿದರೂ ಕರಗಲು ಹೆಚ್ಚು ಶಾಖ ಬೇಕು. ಸುಣ್ಣ ಹೆಚ್ಚಾದ ಪಾಕಕ್ಕೆ ಬೆಣಚು ಹಾಕುವುದೆಂದರೆ ಅದನ್ನು ಹದದ ಕಡೆ ಎಳೆದು ತರುವುದು. 5, 10, 15ರ ಸಾಲಿನಲ್ಲಿ ಹೊಳಪು ಏರುತ್ತಾ ಹೋಗಿ ಒಂದು ಕಡೆ ಮತ್ತೆ ಇಳಿಯುತ್ತದೆ. ಏರಿ ನಿಂತ ಜಾಗ ನಿಮ್ಮ ಪಾಕದ್ದು.

ಆ 1170ರ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಊರಿನ ಆವಿಗೆಯ 800–900 ಡಿಗ್ರಿಯಲ್ಲಿ ಚಿಪ್ಪು, ಗೋಡು, ಬೆಣಚು ಎಷ್ಟೇ ಅರೆದು ಹಚ್ಚಿದರೂ ಗ್ಲೇಜಾಗುವುದಿಲ್ಲ. 1000–1060ರಲ್ಲಿ ಸುಡುವ ಕೆಂಪು ಮಣ್ಣಿನ ಪಾತ್ರೆಗೆ ಗ್ಲೇಜು ಬೇಕಾದರೆ ಬೋರಾಕ್ಸ್ ಫ್ರಿಟ್ (ಬಿಳಿಗಾರ ಬೆರೆಸಿ ಮೊದಲೇ ಕರಗಿಸಿ ಪುಡಿಮಾಡಿದ ಗಾಜು) 75–80 ಭಾಗ ಇರಲೇಬೇಕು, ಉಳಿದದ್ದು ಗೋಡು ಮತ್ತು ಸ್ವಲ್ಪ ಸುಣ್ಣ. ಕಡಿಮೆ ಶಾಖಕ್ಕೆ ಕರಗುತ್ತದೆಂದು ಹಳೆ ಬ್ಯಾಟರಿಯ ಸೀಸವನ್ನೋ ಕೆಂಪು ಸೀಸವನ್ನೋ ಹಾಕುವ ಸಲಹೆ ಕೆಲವರು ಕೊಡುತ್ತಾರೆ. ಕೇಳಬೇಡಿ. ಅದು ಹುಳಿ ಸಾರಿನಲ್ಲಿ ಕರಗಿ ಮಕ್ಕಳ ಹೊಟ್ಟೆ ಸೇರುವ ವಿಷ, ಮಾಡುವವರ ಉಸಿರಿಗೂ ವಿಷ.

ಬೂದಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ಅಕ್ಕಿ ಗಿರಣಿಯ ಬಾಯ್ಲರಿನಿಂದ ಬರುವ ಹೊಟ್ಟಿನ ಬೂದಿ ನೋಡಲು ಬೂದಿಯೇ, ಆದರೆ ಅದರಲ್ಲಿ ಸುಮಾರು 90 ಭಾಗ ಸಿಲಿಕಾ. ಸೌದೆ ಬೂದಿಯ ಜಾಗಕ್ಕೆ ಅದನ್ನು ಹಾಕಿದರೆ ಪಾಕ ಕರಗದೆ ನಿಲ್ಲುತ್ತದೆ. ಬೆಣಚಿನ ಜಾಗಕ್ಕೆ ಹಾಕಿದರೆ ಹಾಲುಬಿಳುಪಿನ ಸೊಗಸಾದ ಗ್ಲೇಜು ಬರುತ್ತದೆ.

ಸುಣ್ಣದ ತೂಕ ತಪ್ಪಿದ್ದು

ಪಾಕ ಹಳೆಯದೇ, ಗೂಡು ಹಳೆಯದೇ, ಆದರೂ ಗ್ಲೇಜು ಒಮ್ಮೆ ಇಳಿಯುತ್ತದೆ, ಒಮ್ಮೆ ಮಂಕಾಗುತ್ತದೆ ಎಂದರೆ ಚಿಪ್ಪು ಯಾವ ರೂಪದಲ್ಲಿ ಬಕೆಟ್ಟಿಗೆ ಬಿತ್ತು ಎಂದು ನೋಡಿ. ಹಸಿ ಚಿಪ್ಪಿನ ಪುಡಿ 100 ಗ್ರಾಂ, ಅರಳಿಸಿದ ಸುಣ್ಣ 74 ಗ್ರಾಂ, ಸುಟ್ಟು ಅರಳಿಸದ ಸುಣ್ಣ 56 ಗ್ರಾಂ ಇವು ಮೂರೂ ಗೂಡಿನಲ್ಲಿ ಒಂದೇ. ಪಾಕದಲ್ಲಿ ಚಿಪ್ಪು 10 ಗ್ರಾಂ ಎಂದಿದ್ದು ನೀವು ಸುಟ್ಟ ಸುಣ್ಣ 10 ಗ್ರಾಂ ಹಾಕಿದರೆ ಸುಮಾರು 18 ಗ್ರಾಂ ಚಿಪ್ಪು ಹಾಕಿದಂತಾಯಿತು.

ಹಸಿ ಚಿಪ್ಪನ್ನು ಅರೆಯುವುದು ಕಷ್ಟ, ಆದ್ದರಿಂದ ಸುಡುವವರೇ ಹೆಚ್ಚು. ಸುಡುವಾಗ 900 ಡಿಗ್ರಿ ದಾಟಿ ಎರಡು ಗಂಟೆ ನಿಲ್ಲಬೇಕು. ಆವಿಗೆಯ ಹೊರ ಅಂಚಿನಲ್ಲಿಟ್ಟ ಚಿಪ್ಪು ಒಳಗೆ ಹಸಿಯಾಗೇ ಉಳಿಯುತ್ತದೆ. ಪರೀಕ್ಷೆ ಸರಳ: ಸುಟ್ಟ ಚಿಪ್ಪನ್ನು ನೀರಿಗೆ ಹಾಕಿದರೆ ಸುಯ್ಯೆಂದು ಕಾದು, ಬಿರಿದು, ಹಿಟ್ಟಾಗಬೇಕು. ಹಾಗೇ ಗಟ್ಟಿ ಉಳಿದ ತುಂಡು ಬೆಂದಿಲ್ಲ, ಆರಿಸಿ ಮುಂದಿನ ಸುಡಿಕೆಗೆ ಇಡಿ. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಸಿಡಿದರೆ ಕಣ್ಣು ಹೋಗುತ್ತದೆ. ಕನ್ನಡಕ, ರಬ್ಬರ್ ಕೈಗವಸು ಬೇಕೇ ಬೇಕು, ಪ್ಲಾಸ್ಟಿಕ್ ಬಕೆಟ್ಟು ಬೇಡ.

ಅರಳಿಸಿದ ಸುಣ್ಣವನ್ನು ನೇರ ಬಕೆಟ್ಟಿಗೆ ಹಾಕಿದರೆ ಗ್ಲೇಜು ಗಂಜಿಯಂತೆ ಗಟ್ಟಿಯಾಗುತ್ತದೆ, ಕೈ ಸುಡುತ್ತದೆ, ಒಣಗುವಾಗ ಬಿರಿಯುತ್ತದೆ. ಅದನ್ನು ಮತ್ತೆ ಚಿಪ್ಪಿನ ರೂಪಕ್ಕೆ ತರುವುದು ಒಳ್ಳೆಯದು. ಜರಡಿ ಹಿಡಿದ ಸುಣ್ಣವನ್ನು ತಟ್ಟೆಯಲ್ಲಿ ಬೆರಳು ದಪ್ಪಕ್ಕಿಂತ ತೆಳ್ಳಗೆ ಹರಡಿ, ದಿನಕ್ಕೊಮ್ಮೆ ನೀರು ಚಿಮುಕಿಸಿ ಮಗುಚುತ್ತಾ ಎರಡು ಮೂರು ವಾರ ಗಾಳಿಗೆ ಬಿಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಚಿಟಿಕೆ ಪುಡಿಯನ್ನು ಅರಿಸಿನ ನೀರಿಗೆ ಹಾಕಿ. ಓಕುಳಿಯಂತೆ ಕಡುಗೆಂಪಾದರೆ ಇನ್ನೂ ಸುಣ್ಣವಿದೆ. ಹಳದಿಯಾಗೇ ಉಳಿದರೆ, ಇಲ್ಲವೇ ತುಸು ಕಿತ್ತಳೆ ತಿರುಗಿದರೆ, ಕೆಲಸ ಮುಗಿದಿದೆ. ಇಷ್ಟು ತಾಳ್ಮೆ ಇಲ್ಲದವರು ಕೋಳಿ ಚಿಪ್ಪಿನ ನುಚ್ಚನ್ನು ಬಾಲ್ ಮಿಲ್ಲಿಗೆ (ಗುಂಡು ತುಂಬಿ ಉರುಳಿಸಿ ಅರೆಯುವ ಪೀಪಾಯಿ) ಹಾಕಿ ಅರೆಸಿಕೊಳ್ಳಲಿ. ಎಲೆಅಡಿಕೆ ಸುಣ್ಣದ ಡಬ್ಬಿಯಲ್ಲಿ ನೀರೆಷ್ಟು ಸುಣ್ಣವೆಷ್ಟು ಎಂಬ ಲೆಕ್ಕ ಸಿಗದು, ಅದು ಬೇಡ.

ಗ್ಲೇಜು ಇಳಿದು ಹಲಗೆಗೆ ಅಂಟಿದೆ

ಬೂದಿ ಗ್ಲೇಜಿನ ಸ್ವಭಾವವೇ ಇಳಿಯುವುದು. ಆದ್ದರಿಂದ ತಳದಿಂದ ಒಂದು ಸೆಂಟಿಮೀಟರ್ ಒರೆಸಿ ಬಿಡುವುದು, ಹೊಸ ಪಾಕವಾದರೆ ಕೆಳಗೆ ಮಣ್ಣಿನ ತಟ್ಟೆ ಇಡುವುದು ಅಭ್ಯಾಸವಾಗಬೇಕು. ಅದನ್ನೂ ಮೀರಿ ಇಳಿದಿದ್ದರೆ ಬೂದಿಯ ಮೂಲ ವಿಚಾರಿಸಿ. ತಿಪಟೂರು ಕಡೆಯ ತೆಂಗಿನ ಮಟ್ಟೆ, ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಬಹಳ. ತೊಳೆಯದೆ ಹಾಕಿದರೆ ನೀರಿನಂತೆ ಹರಿಯುತ್ತದೆ. ಚೆನ್ನಾಗಿ ತೊಳೆದರೆ ಆ ಪೊಟ್ಯಾಷ್ ಬಹುಪಾಲು ಚರಂಡಿಗೆ ಹೋಗಿ, ಅದೇ ಬೂದಿ ಕರಗದ ಬೂದಿಯಾಗುತ್ತದೆ. ಆದ್ದರಿಂದ ಅದನ್ನು ಸೌದೆ ಬೂದಿಯೊಂದಿಗೆ ಬೆರೆಸದೆ ಬೇರೆಯೇ ಡಬ್ಬಿಯಲ್ಲಿಟ್ಟು ಬೇರೆಯೇ ಪರೀಕ್ಷೆ ಮಾಡಿ. ಛತ್ರ, ಹೋಟೆಲು, ಬೇಕರಿ ಒಲೆಯ ಬೂದಿಯಲ್ಲಿ ಉಪ್ಪು, ಪ್ಲಾಸ್ಟಿಕ್, ಮೊಳೆ ಎಲ್ಲ ಇರುತ್ತವೆ. ಪುಕ್ಕಟೆ ಸಿಕ್ಕರೂ ಬೇಡ.

ಪರಿಹಾರಕ್ಕೆ ಗೋಡು ಅಥವಾ ಬಿಳಿ ಜೇಡಿಯನ್ನು 5 ಭಾಗ ಹೆಚ್ಚಿಸಿ. ಜೇಡಿಯ ಅಲ್ಯುಮಿನಾ ಕರಗಿದ ಗ್ಲೇಜನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಇಳಿಯುವ ಗ್ಲೇಜಿಗೆ ಬಿಳಿ ಜೇಡಿ ವಾಸಿ, ಏಕೆಂದರೆ ಗೋಡಿನಲ್ಲಿರುವ ಕಬ್ಬಿಣವೂ ಸ್ವಲ್ಪ ಕರಗಿಸುವ ಕೆಲಸ ಮಾಡುತ್ತದೆ.

ಬೂದಿ ತೊಳೆಯುವುದು, ತೊಳೆಯದಿದ್ದರೆ ಆಗುವುದು

ಪಾತ್ರೆಯ ಬಾಯಂಚು ಮತ್ತು ಹಿಡಿಯ ಅಂಚಿನಲ್ಲಿ ಮಾತ್ರ ಗ್ಲೇಜು ಹೆಚ್ಚು ಹೊಳೆದು, ಕೆಳಗೆ ಒಣಗಿದಂತಿದ್ದರೆ, ಅಥವಾ ಸುಡುವ ಮೊದಲೇ ಅಂಚಿನಲ್ಲಿ ಬಿಳಿ ಹೂವು ಎದ್ದಿದ್ದರೆ, ಬೂದಿಯ ಕ್ಷಾರ ನೀರಿನೊಡನೆ ಅಂಚಿಗೆ ಹರಿದು ಅಲ್ಲಿ ಒಣಗಿದೆ ಎಂದರ್ಥ. ಚೌಳು ಮಣ್ಣನ್ನು ಸೋಡಾಕ್ಕೆಂದು ಹಾಕಿದವರಿಗೂ, ಕಡಲ ಪಾಚಿಯ ಬೂದಿ ಹಾಕಿದವರಿಗೂ, ಬಿಳಿಗಾರವನ್ನು ಹಾಗೇ ಹಾಕಿದವರಿಗೂ ಇದೇ ತೊಂದರೆ: ಎಲ್ಲವೂ ನೀರಿನಲ್ಲಿ ಕರಗುವಂಥವು. ಕರಗಿದ ಕ್ಷಾರ ಮಡಕೆಯ ಒಳಕ್ಕೂ ಇಂಗುತ್ತದೆ, ಸುಡುವಾಗ ಮಣ್ಣೇ ಉಬ್ಬುತ್ತದೆ.

ತೊಳೆಯುವ ಕ್ರಮ ಹೀಗೆ. ಒಂದು ಕಿಲೋ ಬೂದಿಗೆ ಹತ್ತು ಲೀಟರ್ ನೀರು ಹಾಕಿ ಕದಡಿ. ತೇಲುವ ಇದ್ದಿಲನ್ನು ಜರಡಿ ಸೌಟಿನಿಂದ ತೆಗೆಯಿರಿ. 60 ನಂಬರಿನ ಜರಡಿಯಲ್ಲಿ ಸೋಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ಹಳದಿ ನೀರನ್ನು ಬಗ್ಗಿಸಿ. ಇದೇ ಕೆಲಸ ಇನ್ನೆರಡು ಸಲ. ಮೊದಲ ನೀರು ಸೋಪಿನಂತೆ ಜಾರುತ್ತದೆ; ಅದು ಚರ್ಮ ತಿನ್ನುವ ಕ್ಷಾರ, ಬರಿಗೈ ಹಾಕಬಾರದು. ಜಾರುವುದು ನಿಂತರೆ ಸಾಕು. ಇಲ್ಲಿ ಅರಿಸಿನದ ಪರೀಕ್ಷೆ ನಂಬಬೇಡಿ: ಬೂದಿಯಲ್ಲಿ ಸುಣ್ಣವೂ ಇರುವುದರಿಂದ ಎಷ್ಟು ತೊಳೆದರೂ ಸ್ವಲ್ಪ ಕೆಂಪಾಗುತ್ತಲೇ ಇರುತ್ತದೆ. ಕಡೆಗೆ ಒಣಗಿಸಿ, ಎಲ್ಲ ಬೂದಿಯನ್ನೂ ಒಟ್ಟಿಗೆ ಕಲಸಿ, ಒಂದೇ ಡಬ್ಬಿಗೆ ತುಂಬಿ ತಾರೀಖು ಬರೆಯಿರಿ. ಐದು ಕಿಲೋ ಒಮ್ಮೆಲೇ ಸಿದ್ಧಮಾಡಿದರೆ ಹಲವು ತಿಂಗಳು ಒಂದೇ ಗುಣದ ಬೂದಿ ಕೈಯಲ್ಲಿರುತ್ತದೆ, ಹತ್ತು ಸಲ ಪಾಕ ತಿದ್ದುವ ಶ್ರಮ ಉಳಿಯುತ್ತದೆ.

ಚಿಪ್ಪಿಗೂ ಸ್ನಾನ ಬೇಕು. ಸಮುದ್ರದ ಉಪ್ಪು ಉಳಿದರೆ ಗೂಡಿನಲ್ಲಿ 800 ಡಿಗ್ರಿಗೆ ಕರಗಿ, ಮುಂದೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಐದು ಪಾಲು ನೀರಿನಲ್ಲಿ ರಾತ್ರಿ ನೆನೆಸಿ, ನಾಲ್ಕು ಸಲ ನೀರು ಬದಲಿಸಿ. ಆರ್‌ಒ ಫಿಲ್ಟರಿನವರ ಟಿಡಿಎಸ್ ಮೀಟರು (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಇದ್ದರೆ, ನೆನೆಸಿದ ನೀರಿನ ಅಂಕಿಗೂ ಬರಿ ನೀರಿನ ಅಂಕಿಗೂ ವ್ಯತ್ಯಾಸ 50ರೊಳಗೆ ಬರುವವರೆಗೆ ತೊಳೆಯಿರಿ. ಗೂಡಿನೊಳಗೆ ಉಪ್ಪನ್ನೇ ಎಸೆದು ಗ್ಲೇಜು ಬರಿಸುವ ಪದ್ಧತಿ ಬೇರೆ, ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಮನೆಗಳ ನಡುವಿನ ಗೂಡಿಗೆ ಅದು ಸಲ್ಲದು.

ಬಕೆಟ್ಟಿನಲ್ಲೇ ಗಟ್ಟಿಯಾಗುವುದು, ತಳಕ್ಕೆ ಕಲ್ಲಾಗಿ ಕೂರುವುದು

ನಮ್ಮ ಕೊಳವೆಬಾವಿ ನೀರು ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಜೇಡಿಯ ಕಣಗಳನ್ನು ಗಂಟು ಹಾಕುತ್ತವೆ. ಗ್ಲೇಜಿಗೆ ಮಳೆನೀರು ಹಿಡಿದಿಡಿ, ಇಲ್ಲವೇ ಆರ್‌ಒ ನೀರು ಬಳಸಿ. ಮೊಸರಿನಂತೆ ಗಟ್ಟಿಯಾದ ಗ್ಲೇಜಿಗೆ ನೀರು ಸುರಿಯುತ್ತಾ ಹೋದರೆ ಪಾತ್ರೆಯ ಮೇಲೆ ತೆಳ್ಳಗೆ ಕೂರುತ್ತದೆ. ಮೊದಲು ತೂಕ ನೋಡಿ: 100 ಮಿಲಿ ಗ್ಲೇಜು 140ರಿಂದ 150 ಗ್ರಾಂ ತೂಗಬೇಕು. ತೂಕ ಸರಿಯಿದ್ದೂ ಗಟ್ಟಿ ಎಂದರೆ ಸುಣ್ಣ ಇಲ್ಲವೇ ಗಡಸು ನೀರಿನ ಕೆಲಸ.

ಇದರ ಉಲ್ಟಾ, ಗ್ರಾನೈಟ್ ಪುಡಿ ತಳಕ್ಕೆ ಕಲ್ಲಿನಂತೆ ಕೂತರೆ 2 ಭಾಗ ಬೆಂಟೊನೈಟ್ (ನೀರಿಗೆ ಉಬ್ಬುವ ನುಣುಪು ಜೇಡಿ) ಸೇರಿಸಿ. ಅದನ್ನು ಒಣ ಪುಡಿಯಲ್ಲೇ ಬೆರೆಸಬೇಕು, ನೀರಿಗೆ ಹಾಕಿದರೆ ಗಂಟಾಗುತ್ತದೆ. ಕಲಸಿದ ಬಕೆಟ್ಟಿಗಾದರೆ ಕಿಲೋ ಒಣ ತೂಕಕ್ಕೆ ಒಂದೆರಡು ಗ್ರಾಂ ಎಪ್ಸಂ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿ.

ಮುದುಡಿಕೊಂಡು ಮಣ್ಣು ಕಾಣುವುದು

ಒಣಗಿದ ಗ್ಲೇಜನ್ನು ಸುಡುವ ಮೊದಲೇ ನೋಡಿ. ಒಣಗಿದ ಕೆರೆಯಂಗಳದಂತೆ ಬಿರುಕು ಇದ್ದರೆ ಗೂಡಿನಲ್ಲಿ ಆ ಬಿರುಕು ಹಿಂದಕ್ಕೆ ಸರಿದು ಉಂಡೆಗಟ್ಟುವುದು ಖಂಡಿತ. ಗೋಡು ತುಂಬ ಜಿಗುಟು, ಒಣಗುವಾಗ ಬಹಳ ಕುಗ್ಗುತ್ತದೆ. ಅದರ ಅರ್ಧ ಪಾಲನ್ನು 600–700 ಡಿಗ್ರಿಗೆ ಸುಟ್ಟು ಹಾಕಿ; ಊರಿನ ಆವಿಗೆಯಲ್ಲಿ ಒಂದು ಕುಡಿಕೆಯಲ್ಲಿ ತುಂಬಿಟ್ಟರೆ ಸಾಕು. ಸುಟ್ಟಾಗ ಸುಮಾರು ಹತ್ತನೇ ಒಂದು ಪಾಲು ತೂಕ ಕಳೆಯುವುದರಿಂದ 10 ಗ್ರಾಂ ಬದಲು 9 ಗ್ರಾಂ ತೂಗಿ. ಬಿರುಕಿಲ್ಲದೆಯೂ ಮುದುಡಿದರೆ ಮೊದಲ ಸುಡಿಕೆಯ ಪಾತ್ರೆಯ ಮೇಲಿನ ಧೂಳು, ಎಣ್ಣೆಗೈ ನೋಡಿ. ಒದ್ದೆ ಸ್ಪಂಜಿನಲ್ಲಿ ಒರೆಸಿ ಒಂದು ಗಂಟೆ ಆರಿಸಿ ಅದ್ದಿರಿ.

ಗೋಡಿನ ಬಗ್ಗೆ ಒಂದು ಮಾತು. ಕೋಲಾರದ ಎಷ್ಟೋ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರುತ್ತಿದೆ. ಹಾಗೆ ನೀರು ನಿಂತ ಕೆರೆಯ ಗೋಡನ್ನು ಹೊಸ ಸಾಮಗ್ರಿ ಎಂದೇ ತಿಳಿದು ಮೊದಲಿಂದ ಪರೀಕ್ಷೆ ಮಾಡಿ, ಹಳೆಯ ಅಂಕಿ ನಂಬಬೇಡಿ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ನುಣ್ಣನೆಯ ಪುಡಿಯನ್ನಂತೂ ಯಾವ ಕಾರಣಕ್ಕೂ ತರಬೇಡಿ. ಅರೆದದ್ದು ಪುಕ್ಕಟೆ ಸಿಗುತ್ತದೆ ಎಂಬ ಆಸೆ ಬೇಡ. ಸೈನೈಡಿನಲ್ಲಿ ಚಿನ್ನ ತೆಗೆದು ಬಿಟ್ಟ ಪುಡಿ ಅದು, ಕೈಗೂ ಉಸಿರಿಗೂ ಅಪಾಯ. ಅದರ ಗಂಧಕದ ಅದಿರು ಗೂಡಿನಲ್ಲಿ ಹೊಗೆ ಕಾರುತ್ತದೆ.

ಸೂಜಿರಂಧ್ರ, ಗುಳ್ಳೆ

ಗಾಳಿ ಹೊರಡುವ ಹೊತ್ತಿಗೆ ಗ್ಲೇಜು ಬಾಯಿ ಮುಚ್ಚಿಕೊಂಡರೆ ಗುಳ್ಳೆ. ಚಿಪ್ಪು ಬಿಡುವ ಗಾಳಿ (ಇಂಗಾಲದ ಡೈಆಕ್ಸೈಡ್) 900 ಡಿಗ್ರಿ ಸುಮಾರಿಗೆ ಹೊರಟು ಮುಗಿಯುತ್ತದೆ. 1250ರ ಪಾಕ ಆಗಿನ್ನೂ ಪುಡಿಯಾಗೇ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ. 1040ರ ಫ್ರಿಟ್ ಪಾಕ ಮಾತ್ರ ಆಗಲೇ ಕರಗತೊಡಗಿರುತ್ತದೆ, ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಹಾಗಾಗಿ ಕಡಿಮೆ ಶಾಖದ ಪಾಕಕ್ಕೆ ಮಾತ್ರ ಚಿಪ್ಪಿನ ಬದಲು ಅರಳಿಸಿದ ಸುಣ್ಣವನ್ನು 100ಕ್ಕೆ 74ರ ಲೆಕ್ಕದಲ್ಲಿ ಹಾಕಿ. 5 ಭಾಗದೊಳಗೆ ಇದ್ದರೆ ಬಕೆಟ್ಟು ಅಷ್ಟಾಗಿ ಕೆಡದು.

ಹೆಚ್ಚು ಶಾಖದ ಗ್ಲೇಜಿನಲ್ಲಿ ರಂಧ್ರ ಬಂದರೆ ಮಣ್ಣನ್ನು ನೋಡಿ. ಪಾತ್ರೆ ಒಡೆದಾಗ ಗೋಡೆಯ ನಡುವೆ ಕಪ್ಪು ಗೆರೆ ಕಂಡರೆ ಮೊದಲ ಸುಡಿಕೆಯಲ್ಲಿ ಕರಿ ಪೂರ್ತಿ ಬೆಂದುಹೋಗಿಲ್ಲ. 700ರಿಂದ 900ರ ನಡುವೆ ಗಂಟೆಗೆ 100 ಡಿಗ್ರಿ ಮೀರದೆ ಏರಿಸಿ, ಗಾಳಿಕಿಂಡಿ ತೆರೆದಿಟ್ಟು, 960–1000ಕ್ಕೆ ನಿಲ್ಲಿಸಿ. ಗ್ಲೇಜು ಸುಡುವಾಗ ಕೊನೆಯ ಶಾಖದಲ್ಲಿ 15–20 ನಿಮಿಷ ಹಿಡಿದಿಟ್ಟರೆ ಹೆಚ್ಚಿನ ರಂಧ್ರ ತಾನೇ ಮುಚ್ಚುತ್ತವೆ. ಗುಳ್ಳೆ ದೊಡ್ಡದಾಗಿ, ಒಡೆದು ಚೂಪಾಗಿದ್ದರೆ ಶಾಖ ಹೆಚ್ಚಾಗಿದೆ, ಹಿಡಿದಿಡುವುದರಿಂದ ಅದು ಇನ್ನೂ ಕೆಡುತ್ತದೆ.

ಕಪ್ಪು ಚುಕ್ಕೆ

ಕ್ರಷರಿನ ಪುಡಿಯಲ್ಲೂ ಗ್ರಾನೈಟ್ ಕೊಯ್ಯುವ ಘಟಕದ ಕೆಸರಿನಲ್ಲೂ ಕಬ್ಬಿಣದ ಚೂರು ಇರುತ್ತದೆ. ಕೆಲವು ಗರಗಸಗಳು ಉಕ್ಕಿನ ಕಾಳು ಮತ್ತು ಸುಣ್ಣ ಬೆರೆಸಿದ ನೀರಿನಲ್ಲೇ ಕೊಯ್ಯುತ್ತವೆ, ಅಂಥ ಕೆಸರಿನಲ್ಲಿ ಸುಣ್ಣದ ಲೆಕ್ಕವೂ ತಪ್ಪುತ್ತದೆ. ವಜ್ರದ ಬ್ಲೇಡಿನ ಕೆಸರು ವಾಸಿ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತೆಳ್ಳಗೆ ಕಲಸಿದ ಪುಡಿಯಲ್ಲಿ ಆಡಿಸಿ. ಕವರು ಕಳಚಿದರೆ ಚೂರು ಬಿದ್ದುಹೋಗುತ್ತದೆ. ಕರಿ ಅಂಟುವುದು ನಿಲ್ಲುವವರೆಗೂ ಮಾಡಿ. ಒಣ ಪುಡಿ ಎರಚುವ ಯಾವ ಕೆಲಸಕ್ಕೂ ಎನ್‌95 ಮಾಸ್ಕ್ ಇರಲಿ, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ.

ಕೂದಲಿನಂಥ ಬಿರುಕು

ಗೂಡು ಬಿಚ್ಚಿದಾಗ ಟಿಣ್ ಟಿಣ್ ಸದ್ದು ಬಂದರೆ ಗ್ಲೇಜು ಮಣ್ಣಿಗಿಂತ ಹೆಚ್ಚು ಕುಗ್ಗಿ ಬಿರಿಯುತ್ತಿದೆ. ಸೋಡಿಯಂ, ಪೊಟ್ಯಾಷಿಯಂ ಹೆಚ್ಚಾದಷ್ಟೂ ಇದು ಹೆಚ್ಚು: ಪಾಚಿ ಬೂದಿ, ಚೌಳು, ತೊಳೆಯದ ತೆಂಗಿನ ಬೂದಿ, ಕೊನೆಗೆ ಗ್ರಾನೈಟ್ ಕೂಡ. ಬೆಣಚು 5 ಭಾಗ ಸೇರಿಸಿ ನೋಡಿ. ಸಾಲದಿದ್ದರೆ ಗ್ರಾನೈಟ್ 5 ಭಾಗ ಇಳಿಸಿ ಬಳಪದ ಕಲ್ಲಿನ ಪುಡಿ 5 ಭಾಗ ಹಾಕಿ, ಅದರ ಮೆಗ್ನೀಷಿಯಾ ಕಡಿಮೆ ಕುಗ್ಗುತ್ತದೆ. ಬೆಣಚು ಮಿತಿಮೀರಿದರೆ ಉಲ್ಟಾ ದೋಷ ಬರುತ್ತದೆ: ಬಾಯಂಚಿನಲ್ಲಿ ಗ್ಲೇಜು ಚೂಪು ಚಕ್ಕೆಯಾಗಿ ಹಾರುತ್ತದೆ. ಊಟದ ಪಾತ್ರೆಯಲ್ಲಿ ಅದು ಬಿರುಕಿಗಿಂತ ಅಪಾಯ.

ಬಿರುಕು ತಡವಾಗಿಯೂ ಬರಬಹುದು. ಮಾರುವ ಮೊದಲು ಒಂದು ಬಟ್ಟಲಿಗೆ ಕುದಿಯುವ ನೀರು ಹಾಕಿ, ಎರಡು ನಿಮಿಷ ಬಿಟ್ಟು ಚೆಲ್ಲಿ, ತಣ್ಣೀರಿನಲ್ಲಿ ಮುಳುಗಿಸಿ. ಮೂರು ಸಲ ಹೀಗೆ ಮಾಡಿ ಶಾಯಿ ಸವರಿ ಒರೆಸಿದರೆ ಕಣ್ಣಿಗೆ ಕಾಣದ ಬಿರುಕೂ ಗೆರೆಯಾಗಿ ನಿಲ್ಲುತ್ತದೆ. ಊಟಕ್ಕೆ ಬಳಸುವ ಗ್ಲೇಜಿಗೆ ಇನ್ನೊಂದು: ನಿಂಬೆ ಹೋಳನ್ನು ರಾತ್ರಿಯಿಡೀ ಕವುಚಿಡಿ. ಬೆಳಿಗ್ಗೆ ಆ ಜಾಗದ ಬಣ್ಣವೋ ಹೊಳಪೋ ಮಾಸಿದ್ದರೆ ಆ ಗ್ಲೇಜು ಹೂದಾನಿಗೆ ಮಾತ್ರ. ಮಾಸದಿದ್ದರೂ ಇದು ಮೊದಲ ಜರಡಿ ಅಷ್ಟೆ. ಬಣ್ಣಕ್ಕೆಂದು ತಾಮ್ರವನ್ನೋ, ಚಿಕ್ಕನಾಯಕನಹಳ್ಳಿ ಕಡೆಯ ಮ್ಯಾಂಗನೀಸ್ ಕಲ್ಲನ್ನೋ ಹಾಕಿದ್ದರೆ ಪ್ರಯೋಗಾಲಯದಲ್ಲಿ ಸೋರಿಕೆ ಪರೀಕ್ಷೆ ಮಾಡಿಸದೆ ಊಟಕ್ಕೆ ಕೊಡಬೇಡಿ. ಮ್ಯಾಂಗನೀಸ್ ಹಾಕಿದ ಗೂಡು ಉರಿಯುವಾಗ ಹತ್ತಿರ ಕೂರುವುದೂ ಬೇಡ, ಅದರ ಹೊಗೆ ನರಕ್ಕೆ ಕೆಟ್ಟದ್ದು.

ಕೆಟ್ಟ ಪಾತ್ರೆಯನ್ನು ಮತ್ತೆ ಸುಡುವುದು

ಶಾಖ ಸಾಲದ್ದು, ಸಣ್ಣ ಸೂಜಿರಂಧ್ರ, ಚಿಕ್ಕ ಮುದುಡು ಇವು ಮತ್ತೊಂದು ಸುಡಿಕೆಗೆ ಸರಿಹೋಗುತ್ತವೆ. ಬಿರುಕು ಬಿಟ್ಟದ್ದು, ಚಕ್ಕೆ ಹಾರಿದ್ದು, ಮಣ್ಣೇ ಉಬ್ಬಿದ್ದು ಸರಿಹೋಗುವುದಿಲ್ಲ. ಸುಟ್ಟ ಗ್ಲೇಜು ನೀರು ಹೀರುವುದಿಲ್ಲವಾದ್ದರಿಂದ ಪಾತ್ರೆಯನ್ನು ಕೈಗೆ ಬಿಸಿ ತಾಗುವಷ್ಟು ಕಾಯಿಸಿ, ಗ್ಲೇಜನ್ನು ಮಾಮೂಲಿಗಿಂತ ಗಟ್ಟಿಯಾಗಿ ಕಲಸಿ ಕುಂಚದಲ್ಲಿ ಬೊಟ್ಟಿಡಿ. ಮುದುಡಿದ ಜಾಗದ ಉಂಡೆಯಂಚನ್ನು ಮೊದಲು ಕಾರ್ಬೊರಂಡಮ್ ಕಲ್ಲಿನಲ್ಲಿ, ನೀರು ಹಾಕಿಕೊಂಡು, ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಹೊಸ ಗ್ಲೇಜೂ ಅಲ್ಲಿಂದಲೇ ಹಿಂದೆ ಸರಿಯುತ್ತದೆ. 600 ಡಿಗ್ರಿವರೆಗೆ ಗಂಟೆಗೆ 60–80ರಂತೆ ನಿಧಾನ ಏರಿಸಿ, ಒಮ್ಮೆ ಬೆಂದ ಸ್ಟೋನ್‌ವೇರ್ ಬೇಗ ಕಾಯಿಸಿದರೆ ಸೀಳುತ್ತದೆ. ಬೂದಿ ಗ್ಲೇಜು ಎರಡನೇ ಸುಡಿಕೆಯಲ್ಲಿ ಮೊದಲಿಗಿಂತ ಹೆಚ್ಚು ಇಳಿಯುವುದರಿಂದ ಕೊನೆಯ ಶಾಖವನ್ನು 10–15 ಡಿಗ್ರಿ ತಗ್ಗಿಸಿ, ಕೆಳಗೆ ತಟ್ಟೆ ಇಟ್ಟೇ ಗೂಡಿಗೆ ಸೇರಿಸಿ. ಮೊದಲ ಸುಡಿಕೆಯಲ್ಲಿ ಶಾಖವೇ ಸಾಲದೆ ಕೆಟ್ಟದ್ದಾದರೆ ಮಾತ್ರ ತಗ್ಗಿಸಬೇಡಿ, ಕೋನ್ ಪೂರ್ತಿ ಬಾಗುವವರೆಗೂ ಸುಡಿ.